ಹದಿನಾಲ್ಕನೇ ಪ್ರಶ್ನೆ

ಚಿಕ್ಕವ್ವನ ರವಿಕೆಗಳನ್ನು ಆ ವರ್ಷ ನಾನು ಎರಡು ಸಲ ಬಿಗಿ ಮಾಡಿಕೊಟ್ಟೆ. ಮೊದಲ ಸಲ ಎರಡು ಬದಿಯಲ್ಲೂ ಅರ್ಧರ್ಧ ಇಂಚು. ಮೂರು ತಿಂಗಳು ಕಳೆಯುವಷ್ಟರಲ್ಲಿ ಅವೇ ರವಿಕೆಗಳನ್ನು ಹಳದಿ ಚೀಲದಲ್ಲಿ ತುರುಕಿಕೊಂಡು ಮತ್ತೆ ಬಂದಳು. ಟೇಪು ಹಿಡಿದು ನೋಡಿದರೆ ಎದೆ ಸುತ್ತಳತೆ ಇನ್ನೂ ಎರಡು ಇಂಚು ಇಳಿದಿತ್ತು.

"ಏನ್ ಚಿಕ್ಕವ್ವ, ಅರವತ್ತಕ್ಕೆ ಮದುವೆ ಎಣ್ಣಾಗ್ಬುಟ್ಟೆ" ಅಂದೆ.

"ಶುಗರ್ ಬಂದೈತಲ್ಲಮ್ಮಿ. ದಿನಾ ನಡೀತೀನಿ, ಅನ್ನ ಕಮ್ಮಿ ಮಾಡಿವ್ನಿ. ಇಳೀದೆ ಇನ್ನೇನು?" ಅಂತ ಅವಳೂ ನಕ್ಕಳು.

ಹೆಂಗಸರ ಮೈ ಅಳೆಯುವುದೇ ನನ್ನ ಕಸುಬು. ಯಾರು ಬಸುರಿ, ಯಾರು ಊಟ ಬಿಟ್ಟಿದ್ದಾರೆ, ಯಾರ ಮನೆಯಲ್ಲಿ ನೆಮ್ಮದಿಯಿಲ್ಲ ಅನ್ನುವುದು ಎಷ್ಟೋ ಸಲ ಅವರು ಬಾಯಿ ಬಿಡುವ ಮುಂಚೆಯೇ ಟೇಪಿಗೆ ಗೊತ್ತಾಗುತ್ತೆ. ಅಂಥವಳು ಆವತ್ತು ಚಿಕ್ಕವ್ವನನ್ನು ಒಂದು ಮಾತು ಕೇಳಲಿಲ್ಲ. ಇಳಿದದ್ದು ಒಳ್ಳೆಯದೇ ಅಂದುಕೊಂಡು ಬದಿ ಹೊಲಿಗೆ ಬಿಚ್ಚಿ, ಬಿಗಿ ಮಾಡಿ, ಇಸ್ತ್ರಿ ಹಾಕಿ ಕೊಟ್ಟು ಕಳಿಸಿದೆ.

ನಮ್ಮ ಮನೆ ಸೇಲಂ ಟೌನಿನಲ್ಲಿ, ಕನ್ನಡ ಮಾತಾಡುವ ಮಗ್ಗದವರ ಬೀದಿಯಲ್ಲಿ. ಅವ್ವನಿಗೆ ಮಂಡಿ ನೋವು ಬಂದ ಮೇಲೆ ಮಗ್ಗ ನಿಂತುಹೋಯಿತು. ಅದಿದ್ದ ಜಾಗದಲ್ಲಿ ಈಗ ನನ್ನ ಎರಡು ಹೊಲಿಗೆ ಮಿಷನ್ನು, ಒಂದು ಕಟಿಂಗ್ ಟೇಬಲ್ಲು. ಚಿಕ್ಕವ್ವ ಅವ್ವನ ಒಬ್ಬಳೇ ತಂಗಿ, ಏಳು ವರ್ಷ ಚಿಕ್ಕವಳು. ಕೊಟ್ಟದ್ದು ಧರ್ಮಪುರಿ ಕಡೆಯ ಕಂಬೈನಲ್ಲೂರಿಗೆ. ಚಿಕ್ಕಪ್ಪನ ಮನೆಯವರಿಗೆ ಮಗ್ಗದ ಜೊತೆಗೆ ಒಂದಿಷ್ಟು ಹೊಲವೂ ಇತ್ತು. ಮಕ್ಕಳಾಗಲಿಲ್ಲ. ಅದನ್ನು ನಾವು ಯಾರೂ ಅವಳ ಎದುರಿಗೆ ಎತ್ತುತ್ತಿರಲಿಲ್ಲ, ಎತ್ತದೇ ಇರುವುದು ಅಭ್ಯಾಸವಾಗಿಹೋಗಿತ್ತು.

ಎರಡನೇ ಸಲ ರವಿಕೆ ತಗೊಂಡು ಹೋದ ಮೇಲೆ ಅವಳಿಗೆ ಬೆನ್ನು ನೋವು ಶುರುವಾಯಿತು. ಆಮೇಲೆ ಮೈಯೆಲ್ಲಾ ನವೆ. ಕಣ್ಣು ಹಳದಿಯಾದಾಗ ಕಾಮಾಲೆ ಅಂತ ಹತ್ತು ದಿನ ನಾಟಿ ಔಷಧಿ ಕುಡಿದಳು. ಅದು ಇಳಿಯದೆ ಧರ್ಮಪುರಿಗೆ ಹೋಗಿ, ಅಲ್ಲಿಂದ ಸೇಲಂಗೆ ಬಂದು ಸ್ಕ್ಯಾನ್ ಮಾಡಿಸಿದಾಗ ಡಾಕ್ಟರು ತಮಿಳಿನಲ್ಲಿ "ಕಣೈಯಂ" ಅಂದರು. ಅಲ್ಲಿ ಗೆಡ್ಡೆ, ಅದು ಕ್ಯಾನ್ಸರು, ಈಗಾಗಲೇ ಲಿವರಿಗೂ ಹೋಗಿದೆ. ನನಗೆ ಕನ್ನಡ ಅಕ್ಷರ ಕಲಿಸಿದ್ದು ಕೊಳ್ಳೇಗಾಲದ ಕಡೆಯವರಾದ ನನ್ನ ಅತ್ತೆ; ಕಣೈಯಂಗೆ ಕನ್ನಡದಲ್ಲಿ ಏನಂತಾರೆ ಅಂತ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಹುಡುಕಿದೆ. ಮೇದೋಜೀರಕ ಗ್ರಂಥಿ ಅಂತ ಬಂತು. ಗಟ್ಟಿಯಾಗಿ ಓದಿದೆ.

ಚಿಕ್ಕವ್ವ ನವೆಯಾದ ಕೈ ಕೆರೆದುಕೊಳ್ಳುತ್ತಲೇ "ಇಷ್ಟುದ್ದದ ಎಸ್ರು ಮಡಿಕ್ಕಂಡು ಒಟ್ಟೆ ಒಳಗೆ ಕೂತೈತಾ?" ಅಂದಳು.

ಪಿತ್ತ ಇಳಿಯುವುದಕ್ಕೆ ಒಳಗೆ ಒಂದು ಸಣ್ಣ ಕೊಳವೆ ಇಟ್ಟರು. ಹಳದಿ ಕಮ್ಮಿಯಾಯಿತು, ನವೆ ನಿಂತಿತು. ವಾಸಿಯಾಗುತ್ತೆ ಅಂತ ಡಾಕ್ಟರು ಒಂದು ದಿನವೂ ಹೇಳಲಿಲ್ಲ. ಚಿಕ್ಕವ್ವನೂ ಕೇಳಲಿಲ್ಲ.

ಅವಳು ವಾರ್ಡಿನಲ್ಲಿದ್ದಾಗ ಬಿಳಿ ಕೋಟಿನ ಒಬ್ಬಳು ಹುಡುಗಿ ಬಂದು ಪಕ್ಕದಲ್ಲಿ ಕೂತಳು. ಡಾಕ್ಟರಲ್ಲ, ಒಂದು ಸಂಶೋಧನೆಗೆ ಕೆಲಸ ಮಾಡುವವಳು. ನಿಧಾನವಾಗಿ ವಿವರಿಸಿದಳು. ಹೆಣ್ಣಿನ ಮೈಯಲ್ಲಿ ಹಾರ್ಮೋನು ಹೇಗೆ ತಯಾರಾಗುತ್ತೆ, ಕೆಲಸ ಮುಗಿದ ಮೇಲೆ ಹೇಗೆ ಕರಗುತ್ತೆ ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಅದು ಹುಟ್ಟುವಾಗಲೇ ಜೀನಿನಲ್ಲಿ ಬಂದಿರುತ್ತೆ. ಆ ಸಣ್ಣ ಸಣ್ಣ ವ್ಯತ್ಯಾಸಕ್ಕೂ ಹೆಂಗಸರಿಗೆ ಬರುವ ಈ ಕಾಯಿಲೆಗೂ ಏನಾದರೂ ಸಂಬಂಧ ಇದೆಯಾ ಅಂತ ನೋಡುತ್ತಿದ್ದಾರೆ. ಸ್ವಲ್ಪ ರಕ್ತ ಬೇಕು, ಕೆಲವು ಪ್ರಶ್ನೆಗೆ ಉತ್ತರ ಬೇಕು. ಮನಸ್ಸಿದ್ದರೆ ಮಾತ್ರ.

"ನನ್ನೊಬ್ಬಳ ರಕ್ತದಾಗೆ ಗೊತ್ತಾಗ್ಬುಡ್ತದಾ?" ಅಂತ ಚಿಕ್ಕವ್ವ ಕನ್ನಡದಲ್ಲೇ ಕೇಳಿದಳು. ನಾನು ತಮಿಳಿನಲ್ಲಿ ಹೇಳಿದೆ.

"ಇಲ್ಲಮ್ಮಾ, ತುಂಬಾ ಜನರದು ಬೇಕು. ಕಾಯಿಲೆ ಇರೋರದೂ ಬೇಕು, ಇಲ್ಲದೋರದೂ ಬೇಕು."

"ಆಗಾದ್ರೆ ತಕ್ಕೋ" ಅಂತ ಕೈ ಚಾಚಿದಳು. ತಮಿಳಿನಲ್ಲಿ ಸಹಿಯನ್ನೂ ಹಾಕಿದಳು. ಪ್ರಶ್ನೆಗಳಿಗೆ ಇನ್ನೊಂದು ದಿನ ಬರುತ್ತೇನೆ ಅಂದಳು ಹುಡುಗಿ. ಅವಳು ಬಂದ ದಿನ ಚಿಕ್ಕವ್ವನಿಗೆ ಜ್ವರ. ಮತ್ತೆ ಬಂದ ದಿನ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ರೋಗ ಗೊತ್ತಾಗಿ ಐದು ತಿಂಗಳಿಗೆ, ಕಂಬೈನಲ್ಲೂರಿನ ಮನೆಯಲ್ಲಿ, ಅವ್ವನ ತೊಡೆಯ ಮೇಲೆ ಹೋಗಿಬಿಟ್ಟಳು.

ಕಾರ್ಯವೆಲ್ಲ ಮುಗಿದ ಮೇಲೆ ಆಸ್ಪತ್ರೆಯ ಕಾಗದಗಳನ್ನು ತರೋಕೆ ಹೋದಾಗ ಆ ಹುಡುಗಿಯೇ ಫಾರಂ ಕೊಟ್ಟಳು. ಹತ್ತಿರದವರು ಯಾರಾದರೂ ತುಂಬಿಕೊಡಬಹುದು, ಅವಸರವಿಲ್ಲ ಅಂದಳು. ಚಿಕ್ಕಪ್ಪನಿಗೆ ಫೋನಿನಲ್ಲಿ ನಾಲ್ಕು ಪ್ರಶ್ನೆ ಓದುವಷ್ಟರಲ್ಲಿ ಅವರು "ಇವೆಲ್ಲಾ ಎಂಗಸ್ರ ವಿಸ್ಯ. ನಿಮ್ಮವ್ವನ್ನೇ ಕೇಳು" ಅಂತ ಫೋನಿಟ್ಟರು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಅವ್ವನನ್ನು ಕೂರಿಸಿಕೊಂಡೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಸಣ್ಣ ಅಕ್ಷರ ಅವಳ ಕಣ್ಣಿಗೆ ಕಾಣದು; ತಮಿಳಿನ ಫಾರಮ್ಮನ್ನು ನಾನು ಓದಿ ಕನ್ನಡದಲ್ಲಿ ಕೇಳಬೇಕು, ಅವಳು ಹೇಳಿದ್ದಕ್ಕೆ ಗುರುತು ಹಾಕಬೇಕು. ಪ್ರತಿ ಪ್ರಶ್ನೆಗೂ ಮೂರು ಚೌಕ: ಆಮ್, ಇಲ್ಲೈ, ತೆರಿಯಾದು. ಹೌದು, ಇಲ್ಲ, ಗೊತ್ತಿಲ್ಲ.

ಎಷ್ಟನೇ ವಯಸ್ಸಿಗೆ ದೊಡ್ಡವಳಾದಳು? "ಅದಿಮೂರು. ನಾನೇ ಸೀರೆ ಉಡಿಸಿದ್ದು." ಗರ್ಭ ನಿಂತಿತ್ತೇ? ಇಲ್ಲ. ಮುಟ್ಟು ನಿಂತದ್ದು? ನಲವತ್ತೊಂಬತ್ತು. ಬೀಡಿ, ಹೊಗೆಸೊಪ್ಪು? "ಎಲೆ ಅಡಿಕೆ ಹಾಕೋಳು, ಒಗೆಸೊಪ್ಪು ಮುಟ್ಟುದೋಳಲ್ಲ." ಪಟಪಟ ಉತ್ತರ ಹೇಳುತ್ತ ಹೋದಳು. ಅವ್ವನಿಗೆ ಒಂದು ರೀತಿಯ ಹೆಮ್ಮೆಯೇ ಬಂದಂತಿತ್ತು, ತಂಗಿಯ ಬಗ್ಗೆ ಅವಳಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಅಂತ.

ಹದಿನಾಲ್ಕನೇ ಪ್ರಶ್ನೆ ಓದಿದೆ. ಗರ್ಭ ನಿಲ್ಲಲೆಂದೋ ಬೇರೆ ಕಾರಣಕ್ಕೋ ಹಾರ್ಮೋನ್ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಂಡಿದ್ದರೇ? ತೆಗೆದುಕೊಂಡಿದ್ದರೆ ಹೆಸರೇನು, ಎಷ್ಟು ತಿಂಗಳು?

ಅವ್ವನ ಕೈ ನಿಂತಿತು.

"ಒಂದೂವರೆ ವರ್ಸ" ಅಂದಳು. "ನಾನೇ ಎಳ್ಕಂಡೋದೆ."

ನಾನಾಗ ಹನ್ನೆರಡು ವರ್ಷದವಳು. ಒಂದೊಂದು ದಿನ ಸ್ಕೂಲಿಂದ ಬಂದರೆ ಅವ್ವ ಇರುತ್ತಿರಲಿಲ್ಲ, ಮೊರಪ್ಪೂರಿಗೆ ಹೋಗಿದ್ದಾಳೆ ಅನ್ನುತ್ತಿದ್ದರು. ಯಾಕೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಈಗ ಹೇಳಿದಳು. ಚಿಕ್ಕವ್ವನಿಗೆ ಮದುವೆಯಾಗಿ ಆರು ವರ್ಷವಾದರೂ ಏನೂ ಇಲ್ಲದಾಗ ಮೊರಪ್ಪೂರಿನಲ್ಲಿ ಒಬ್ಬ ಲೇಡಿ ಡಾಕ್ಟರು ಇದ್ದಾರೆ, ಅವರ ಕೈಗುಣ ಚೆನ್ನಾಗಿದೆ ಅಂತ ಯಾರೋ ಅಂದರಂತೆ. ಅವ್ವ ಸೇಲಂನಿಂದ ಪ್ಯಾಸೆಂಜರ್ ರೈಲಿನಲ್ಲಿ, ಚಿಕ್ಕವ್ವ ಕಂಬೈನಲ್ಲೂರಿನಿಂದ ಬಸ್ಸಿನಲ್ಲಿ, ಇಬ್ಬರೂ ಸ್ಟೇಷನ್ನಿನಲ್ಲಿ ಸೇರಿ ಅಲ್ಲಿಂದ ನಡೆದು ಹೋದರು. ಚಿಕ್ಕವ್ವನಿಗೆ ಇಷ್ಟವಿರಲಿಲ್ಲ. ಮೊದಲ ಇಂಜೆಕ್ಷನ್ನಿಗೇ ತಲೆ ಸುತ್ತಿ, ಪ್ಲಾಟ್‌ಫಾರಂ ಮೇಲೆ ವಾಂತಿ ಮಾಡಿದಳು. ಅವ್ವ ಬಿಡಲಿಲ್ಲ, ಮುಂದಿನ ತಿಂಗಳೂ ಕರಕೊಂಡು ಹೋದಳು. ಮೂರನೇ ತಿಂಗಳು ಮಗ್ಗದಲ್ಲಿ ದೀಪಾವಳಿ ಸೀರೆ ಇದ್ದದ್ದರಿಂದ ಹೋಗಲಾಗಲಿಲ್ಲ. ನಾನೊಬ್ಬಳೇ ಹೋಗುತ್ತೇನೆ ಬಿಡಕ್ಕ ಅಂದಳಂತೆ ಚಿಕ್ಕವ್ವ. ಆಮೇಲೆ ತಿಂಗಳಿಗೊಂದು ಕಾರ್ಡು ಬರುತ್ತಿತ್ತು, 'ಮೊರಪ್ಪೂರಿಗೆ ಹೋಗಿ ಬಂದೆ' ಅಂತ. ಒಂದೂವರೆ ವರ್ಷವಾದ ಮೇಲೆ ಅದೂ ನಿಂತಿತು.

"ಆ ಊಸಿಯಿಂದ್ಲೇ ಬಂತಾ ಇದು?" ಅಂದಳು ಅವ್ವ. ಇಂಜೆಕ್ಷನ್ನಿಗೆ ಅವಳು ಯಾವಾಗಲೂ ತಮಿಳಿನ ಊಸಿ ಅಂತಲೇ ಅನ್ನುವುದು. "ನೋಡು, ಅವ್ರೇ ಬರೆದವ್ರೆ ಕಾಗದದಾಗೆ. ಸುಮ್ಕೆ ಬರೀತಾರಾ?"

ಅವತ್ತಿನಿಂದ ಅವ್ವನಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಬಾಗಿಲಿಂದ ನಲ್ಲಿಗೆ, ನಲ್ಲಿಯಿಂದ ಅಂಗಡಿಗೆ. ಬಂದವಳು ಯಾರದ್ದೋ ಬಟ್ಟೆ ಕೈಗೆತ್ತಿಕೊಂಡು, ಮಡಿಸಿ, ಮತ್ತೆ ಬಿಚ್ಚಿ ಇಡುತ್ತಿದ್ದಳು. ಗಿರಾಕಿಗಳ ಎದುರಿಗೇ "ಅದೇನು ಊಸಿ ಅಂತ ಯಾರ್ಗೆ ಗೊತ್ತಿರ್ತೈತೆ ಏಳು" ಅನ್ನುವಳು. ಸಾಂಬಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು, ಇಲ್ಲವಾದರೆ ಉಪ್ಪೇ ಇರುತ್ತಿರಲಿಲ್ಲ.

ಅದೇ ಸಮಯದಲ್ಲಿ ನನ್ನದೂ ಒಂದಿತ್ತು. ನನಗೆ ನಲವತ್ತಾರು. ಆರು ತಿಂಗಳಿಂದ ಮುಟ್ಟು ಲಂಗುಲಗಾಮಿಲ್ಲದೆ ಹೋಗುತ್ತಿತ್ತು. ಹದಿನೈದು ದಿನ ಬಿಡದೆ ಹರಿದು, ಮಿಷನ್ ತುಳಿಯೋಕೆ ಶಕ್ತಿಯಿಲ್ಲದೆ ಕಟಿಂಗ್ ಟೇಬಲ್ಲಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಸೇಲಂನಲ್ಲಿ ನಾನು ತೋರಿಸುವ ಲೇಡಿ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ ಮಾತ್ರೆ ಬರೆದುಕೊಟ್ಟಿದ್ದರು. ಹಾರ್ಮೋನ್ ಮಾತ್ರೆ. ಫಾರಂ ಓದಿದ ದಿನದಿಂದ ಆ ಮಾತ್ರೆಯ ಪಟ್ಟಿ ಬಾಬಿನ್ ಡಬ್ಬಿಯಲ್ಲೇ ಇತ್ತು, ಒಂದನ್ನೂ ತೆಗೆದಿರಲಿಲ್ಲ. ಅಷ್ಟೇ ಅಲ್ಲ, ವಾರಕ್ಕೊಂದು ಸಲ ಬಾಗಿಲು ಹಾಕಿಕೊಂಡು ನನ್ನ ಸೊಂಟಕ್ಕೆ ನಾನೇ ಟೇಪು ಸುತ್ತಿಕೊಳ್ಳುತ್ತಿದ್ದೆ. ಕಾಲಿಂಚು ಕಮ್ಮಿ ಕಂಡರೂ ಬಿಚ್ಚಿ ಮತ್ತೆ ಸುತ್ತಿ ನೋಡುತ್ತಿದ್ದೆ.

ಕೊನೆಗೆ ಅವ್ವನನ್ನು ಆ ಹುಡುಗಿಯ ಹತ್ತಿರವೇ ಕರಕೊಂಡು ಹೋದೆ. ಅವಳು ತನ್ನ ಡಾಕ್ಟರನ್ನು ಕರೆದಳು. ಮೂವತ್ತೈದು ದಾಟದ ಗಂಡಸು, ತಾಳ್ಮೆಯವನು. ನಾವು ಮಗ್ಗದವರು ಅಂತ ಗೊತ್ತಾದ ಕೂಡಲೇ ಜೀನು ಅಂದರೆ ಹಾಸು ದಾರ ಇದ್ದಂಗೆ, ಹೊಕ್ಕು ದಾರ ಇದ್ದಂಗೆ ಅಂತ ಶುರು ಮಾಡಿದ.

ಅವ್ವ ತಮಿಳಿನಲ್ಲಿ "ಸಾರ್, ಮಗ್ಗದ ವಿಷಯ ನನಗೆ ಗೊತ್ತು, ಊಸಿ ವಿಷಯ ಹೇಳಿ" ಅಂದಳು.

ಅವನು ನಕ್ಕು, ಕುರ್ಚಿ ಮುಂದಕ್ಕೆ ಎಳೆದುಕೊಂಡ. "ಅಮ್ಮಾ, ನಿಜ ಹೇಳ್ತೀನಿ. ಹೆಣ್ಣಿನ ಹಾರ್ಮೋನಿಗೂ ಈ ಕಾಯಿಲೆಗೂ ಸಂಬಂಧ ಇದೆಯೋ ಇಲ್ಲವೋ ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಒಂದು ಕಡೆ ಇದ್ದ ಹಾಗೆ ಕಾಣುತ್ತೆ, ಇನ್ನೊಂದು ಕಡೆ ನೋಡಿದರೆ ಏನೂ ಇಲ್ಲ. ಅದಕ್ಕೇ ಕೇಳ್ತಾ ಇದ್ದೀವಿ. ಇದ್ದರೂ ತುಂಬಾ ಸಣ್ಣದು. ಒಬ್ಬರಿಗೆ ಯಾಕೆ ಬಂತು ಅಂತ ಅದರಿಂದ ಹೇಳೋಕಾಗಲ್ಲ. ವಯಸ್ಸು, ಹೊಗೆ, ಶುಗರ್, ಮನೆತನದಲ್ಲಿ ಯಾರಿಗಾದರೂ ಇದ್ದದ್ದು, ಇವೇ ಹೆಚ್ಚು ಗೊತ್ತಿರೋದು."

"ಮತ್ತೆ ಯಾಕೆ ಬರೆದಿದ್ದೀರಿ?"

"ಕೇಳಿದ್ದೆಲ್ಲ ತಪ್ಪು ಅಂತ ಅಲ್ಲಮ್ಮಾ. ಎಷ್ಟು ಮಕ್ಕಳು ಅಂತಾನೂ ಕೇಳಿದ್ದೀವಲ್ಲ. ನೆನಪಿಲ್ಲ ಅಂದರೆ ತೆರಿಯಾದು ಅಂತ ಗುರುತು ಹಾಕಿ, ಪರವಾಗಿಲ್ಲ."

ಅವ್ವ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಗೊತ್ತಿಲ್ಲ ಅನ್ನಾಕೆ ನಾನೇನು ಬೀದೀಲೋಗೋಳಾ? ಒಡಹುಟ್ಟಿದೋಳು" ಅಂದಳು.

ನಮ್ಮ ಮನೆಯಲ್ಲಿ ಇನ್ನು ಯಾರಿಗಾದರೂ ಇತ್ತಾ ಅಂತ ಡಾಕ್ಟರು ಕೇಳಿದ. ಅಜ್ಜಿ ಕಾಮಾಲೆಯಲ್ಲಿ ಸತ್ತಳು ಅಂತ ಮಾತ್ರ ನಮಗೆ ಗೊತ್ತು, ಯಾಕೆ ಕಾಮಾಲೆ ಬಂತು ಅಂತ ಆ ಕಾಲದಲ್ಲಿ ಯಾರು ನೋಡಿದರು? ಅವನು ಅದನ್ನೂ ಬರೆದುಕೊಂಡ. ಆರು ತಿಂಗಳಿಗೊಮ್ಮೆ ಶುಗರ್ ನೋಡಿಸಿಕೊಳ್ಳಿ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ಬನ್ನಿ ಅಂದ. ಅವ್ವ ಆಚೆ ಹೋದ ಮೇಲೆ ನಾನು ನನ್ನ ಮಾತ್ರೆಯ ವಿಷಯ ಕೇಳಿದೆ. ಅವನು ಚೀಟಿ ನೋಡಿ, ಈ ಭಯಕ್ಕೆ ಇದನ್ನು ಬಿಡಬೇಡಿ, ನಿಮಗೆ ಈಗ ರಕ್ತ ಹೋಗ್ತಾ ಇರೋದು ನಿಜವಾದ ತೊಂದರೆ, ಬರೆದುಕೊಟ್ಟವರನ್ನೇ ಇನ್ನೊಮ್ಮೆ ಕೇಳಿ ಅಂದ.

ಬಸ್ಸಿನಲ್ಲಿ ಅವ್ವ ಒಂದೇ ಮಾತು ಹೇಳಿದಳು. "ಮೊರಪ್ಪೂರಿಗೆ ಓಗಮಾ."

ಆ ಶುಕ್ರವಾರ ಅಂಗಡಿ ಮುಚ್ಚಿ ರೈಲು ಹತ್ತಿದೆವು. ಅವ್ವನಿಗೆ ಅರವತ್ತೆಂಟು, ಮಂಡಿ ಬಗ್ಗದು, ಆದರೂ ಸ್ಟೇಷನ್ನಿನಿಂದ ನನಗಿಂತ ಮುಂದೆ ನಡೆದಳು. ಕ್ಲಿನಿಕ್ ಇದ್ದ ಕಡೆ ಮೊಬೈಲ್ ಅಂಗಡಿ. ಎದುರಿನ ಮೆಡಿಕಲ್ ಶಾಪಿನವರಿಗೆ ಮಾತ್ರ ಹಳೆಯದೆಲ್ಲ ಗೊತ್ತಿತ್ತು. ಡಾಕ್ಟರಮ್ಮ ತೀರಿಹೋಗಿ ಎಷ್ಟೋ ವರ್ಷವಾಯಿತು, ಕಾಗದ ಪತ್ರವೆಲ್ಲ ಆಗಲೇ ಹಾಳಾಗಿಹೋಯಿತು. ಅವರ ಹತ್ತಿರ ಕೊನೆಯವರೆಗೂ ಇದ್ದ ನರ್ಸಮ್ಮ ಬದುಕಿದ್ದಾರೆ, ತೊಪ್ಪೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ ಅಂದರು. ಅವ್ವ ಅಲ್ಲಿಂದಲೇ ತೊಪ್ಪೂರಿಗೆ ಹೊರಟುನಿಂತಳು. ನನಗೆ ಆವತ್ತು ಸುಸ್ತು, ಸೀರೆ ಕೆಡುತ್ತದೆ ಅನ್ನುವ ಭಯ ಬೇರೆ. ಗದರಿಸಿ ಮನೆಗೆ ಕರಕೊಂಡು ಬಂದೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಸೋಮವಾರ ಧರ್ಮಪುರಿ ಬಸ್ಸಿನಲ್ಲಿ ಹೋಗಿ ತೊಪ್ಪೂರಿನಲ್ಲಿ ಇಳಿದೆವು. ಮನೆ ಹೈವೇಗೆ ಹತ್ತಿರ. ಘಾಟಿ ಇಳಿದು ಬರುವ ಲಾರಿಗಳ ಬ್ರೇಕು ಸುಟ್ಟ ವಾಸನೆ ಜಗಲಿಯವರೆಗೂ ಬರುತ್ತಿತ್ತು. ನರ್ಸಮ್ಮ ಎಪ್ಪತ್ತೈದರ ಹತ್ತಿರದವರು, ತೆಳ್ಳಗೆ, ಬೆಳ್ಳಗೆ ಒಗೆದ ಸೀರೆ. "ಉಕ್ಕಾರುಂಗಮ್ಮಾ" ಅಂತ ಚಾಪೆ ಹಾಸಿದರು. ಅವ್ವ ಕೂರಲಿಲ್ಲ. ನಿಂತುಕೊಂಡೇ ತಂಗಿಯ ಹೆಸರು, ಊರು, ಎಷ್ಟು ವರ್ಷದ ಹಿಂದೆ ಅಂತ ಎಲ್ಲವನ್ನೂ ತಮಿಳಿನಲ್ಲಿ ಹೇಳಿದಳು. ಇಷ್ಟು ಹಳೆಯದು, ಇವರಿಗೆ ಎಲ್ಲಿ ನೆನಪಿರುತ್ತೆ ಅಂತ ನಾನಂದುಕೊಂಡೆ.

"ಕಂಬೈನಲ್ಲೂರಿನ ಕನ್ನಡದ ಹುಡುಗಿ!" ಅಂದರು ಅವರು. ಮುಖವೆಲ್ಲ ಅರಳಿತು. "ಹುಣಸೆಹಣ್ಣು ತರ್ತಿದ್ದಳಲ್ಲ? ಹೇಗಿದ್ದಾಳೆ?"

ಅವ್ವ ನನ್ನ ಕಡೆ ತಿರುಗಿದಳು. ನಾನೇ ಹೇಳಿದೆ. ನರ್ಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅವಳಿಗೆ ಒಂದೂವರೆ ವರ್ಷ ಕೊಟ್ಟಿರಲ್ಲ, ಅದು ಏನು ಊಸಿ?" ಅಂತ ಅವ್ವ ಕೇಳಿದಳು.

"ಒಂದೂವರೆ ವರ್ಷನಾ? ಯಾರು ಹೇಳಿದ್ದು? ಎರಡೇ ಹಾಕಿದ್ದು."

ಅವ್ವ ಗೋಡೆ ಹಿಡಿದುಕೊಂಡು ಕೂತಳು.

ನರ್ಸಮ್ಮ ಹೇಳಿದ್ದು ಇಷ್ಟು. ಮೂರನೇ ತಿಂಗಳು ಚಿಕ್ಕವ್ವ ಒಬ್ಬಳೇ ಬಂದಾಗ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟರು: ನಿನ್ನಲ್ಲಿ ಏನೂ ದೋಷ ಕಾಣ್ತಿಲ್ಲ, ಗಂಡನನ್ನು ಕರಕೊಂಡು ಬಾ, ಅವನಿಗೂ ಟೆಸ್ಟ್ ಮಾಡದೆ ನಿನಗೆ ಇನ್ನು ಚುಚ್ಚುವುದಿಲ್ಲ. ಚಿಕ್ಕವ್ವ ಮನೆಯಲ್ಲಿ ಕೇಳಿದಳು. ಚಿಕ್ಕಪ್ಪ ಬರಲಿಲ್ಲ. ಇಂಜೆಕ್ಷನ್ ಅಲ್ಲಿಗೆ ನಿಂತಿತು.

"ಮತ್ತೆ ತಿಂಗಳು ತಿಂಗಳೂ ಬರ್ತಿದ್ದಳಲ್ಲ?" ಅಂದಳು ಅವ್ವ.

"ಬರ್ತಿದ್ದಳು. ನನ್ನ ಹತ್ತಿರ ಬರ್ತಿದ್ದಳು" ಅಂದರು ನರ್ಸಮ್ಮ. "ಆಗ ಅಲ್ಲೇ ಹೆರಿಗೆಯೂ ಆಗ್ತಿತ್ತು. ಹುಟ್ಟಿದ ಮಕ್ಕಳ ಮೈ ತೊಳೆಯೋಕೆ ಅವಳಿಗೆ ಹೇಳಿಕೊಟ್ಟೆ. ಏನು ಮೆತ್ತನೆ ಕೈ! ಬಿಸಿನೀರು ಮೊಣಕೈಗೆ ಹಾಕಿ ನೋಡಿಕೊಂಡು, ಕನ್ನಡದಲ್ಲಿ ಏನೋ ಮಾತಾಡಿಕೊಂಡು ತೊಳೀತಿದ್ದಳು. ಮೂರು ಗಂಟೆ ಬಸ್ಸಿಗೆ ಹೋಗ್ತಿದ್ದಳು. ಊಸಿ ನಿಲ್ಲಿಸಿದ್ದನ್ನ ಮನೇಲಿ ಯಾಕೆ ಹೇಳಲ್ಲ ಅಂತ ಕೇಳಿದೆ ಒಂದು ಸಲ. ಹೇಳಿದರೆ ನಮ್ಮ ಯಜಮಾನರನ್ನ ಎಲ್ಲರೂ ಅಂತಾರೆ, ನಮ್ಮಕ್ಕನೇ ಮೊದಲು ಅಂತಾಳೆ, ನನ್ನನ್ನ ಅಂದರೆ ಅನ್ನಲಿ ಬಿಡಿ ಅಂದಳು."

ಅವ್ವ "ಆ ಎರಡು ಊಸಿ..." ಅಂದಳು. "ಅವೆರಡೂ ನಾನಿದ್ದಾಗಲೇ."

"ಹೌದು. ಅಕ್ಕ ಬಂದಿದ್ದರು ಅನ್ನೋದು ನೆನಪಿದೆ. ನೀವೇನಾ?"

ಔಷಧಿಯ ಹೆಸರು ನರ್ಸಮ್ಮನಿಗೆ ನೆನಪಿರಲಿಲ್ಲ. ಸಣ್ಣ ಗಾಜಿನ ಸೀಸೆ, ಡಾಕ್ಟರಮ್ಮನೇ ಸೇಲಂನಿಂದ ತರುತ್ತಿದ್ದರು, ಹಾರ್ಮೋನೇ ಇರಬೇಕು ಅಂದರು. ಅದಕ್ಕಿಂತ ಹೆಚ್ಚಿಗೆ ಹೇಳಿದರೆ ಸುಳ್ಳಾಗುತ್ತೆ ಅಂದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವ್ವ ಕಂಬಿ ಹಿಡಿದು ನಿಂತೇ ಇದ್ದಳು. ಕಂಡಕ್ಟರು ಎರಡು ಸಲ ಹೇಳಿದ. ನನಗೇನೋ ಎದೆಯ ಭಾರ ಇಳಿದಂತಾಗಿತ್ತು. ಒಂದೂವರೆ ವರ್ಷವಲ್ಲ, ಎರಡೇ ಎರಡು. ಅದನ್ನೇ ಹೇಳಿದೆ.

"ಎಳ್ಡಾದ್ರೇನು, ನಾನು ಕೈ ಇಡ್ಕಂಡು ಚುಚ್ಚಿಸಿದ್ದು ಅವೇ ಎಳ್ಡಲ್ವಾ" ಅಂದಳು ಅವ್ವ. ಆಮೇಲೆ, ಓಮಲೂರು ದಾಟಿದ ಮೇಲೆ, "ಕಾರ್ಡಿನಾಗೆ ಒಂದು ಸಲಾನೂ ಊಸಿ ಆಕಿಸ್ಕಂಡೆ ಅಂತ ಬರ್ದಿಲ್ಲ ಕಣಮ್ಮಿ. ಓಗಿ ಬಂದೆ, ಓಗಿ ಬಂದೆ ಅಂತ್ಲೇ. ನಾನೇ ಓದ್ಕಂಡಿದ್ದು" ಅಂದಳು.

ಆ ವಾರವೇ ಕಂಬೈನಲ್ಲೂರಿಗೆ ಹೋಗಬೇಕು ಅಂತ ಹಟ ಹಿಡಿದಳು. ಚಿಕ್ಕಪ್ಪನನ್ನು ಬಾಯಿಗೆ ಬಂದಂತೆ ಬಯ್ಯುತ್ತಾಳೆ ಅಂತ ನನಗೆ ಹೆದರಿಕೆ. ಚಿಕ್ಕಪ್ಪ ಅವರ ತಮ್ಮನ ಸಂಸಾರದ ಜೊತೆ ಇದ್ದಾರೆ. ನಾವು ಹೋದಾಗ ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ತಮ್ಮನ ಹೆಂಡತಿ ಕಾಫಿ ಮಾಡೋಕೆ ಒಳಗೆ ಹೋದ ಕೂಡಲೇ ಅವ್ವ ಅವರ ಎದುರಿಗೆ ಕೂತಳು.

"ಆ ಡಾಕ್ಟ್ರಮ್ಮ ನಿಮ್ಮನ್ನ ಟೆಸ್ಟಿಗೆ ಕರೆದಿದ್ರಾ?"

ಯಾವ ಡಾಕ್ಟರಮ್ಮ ಅಂತ ಅವರು ಕೇಳಲಿಲ್ಲ. ಕೈಯಲ್ಲಿದ್ದ ಕತ್ತಿಯನ್ನು ಕೆಳಗಿಟ್ಟರು.

"ಕರೆದಿದ್ರು ಅತ್ತಿಗೆ. ನಾನೋಗ್ಲಿಲ್ಲ."

"ಯಾಕೆ?"

"ನನ್ನದೇ ಅಂತ ಗೊತ್ತಾಗ್ಬುಟ್ರೆ ಅಂತ." ಬೀಜಗಳನ್ನು ಒಂದು ಕಡೆ ಗುಡ್ಡೆ ಮಾಡುತ್ತ, "ಅವಳು ಒಂದು ಸಲ ಕೇಳಿದ್ಲು. ಎಳ್ಡನೇ ಸಲ ಕೇಳ್ಲಿಲ್ಲ. ಸಾಯೋ ಗಂಟಾನೂ ಕೇಳ್ಲಿಲ್ಲ" ಅಂದರು.

ಅವ್ವ ಬಯ್ಯಲಿಲ್ಲ. ಬಯ್ಯಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಎಲ್ಲಿಗೆ ಹೋಯಿತೋ. "ಊರೋರೆಲ್ಲಾ ಅವಳನ್ನ ಬಂಜೆ ಅಂದ್ರು. ನಾನೂ ಒಟ್ಟೆ ಒಳಗೆ ಅದನ್ನೇ ಅಂದ್ಕಂಡಿದ್ದೆ" ಅಂದಳು. ಕಾಫಿ ಬಂತು. ಮೂವರೂ ಕುಡಿದೆವು. ಹೊರಡುವಾಗ ಅವರು ಒಂದು ಚೀಲ ಹುಣಸೆಹಣ್ಣು ಕಟ್ಟಿಕೊಟ್ಟರು. ಅವ್ವ ಬೇಡ ಅನ್ನಲಿಲ್ಲ.

ಫಾರಮ್ಮನ್ನು ಕಡೆಗೂ ತುಂಬಿದೆವು. ಹದಿನಾಲ್ಕನೇ ಪ್ರಶ್ನೆಗೆ ಆಮ್. ಎಷ್ಟು? ಎರಡು ಸಲ, ಎರಡು ತಿಂಗಳಲ್ಲಿ. ಹೆಸರಿನ ಜಾಗದಲ್ಲಿ ತೆರಿಯಾದು. ಅವ್ವ ನನ್ನ ಕೈಯಿಂದ ಪೆನ್ನು ತಗೊಂಡು, ಆ ಒಂದು ಮಾತನ್ನು ತಾನೇ ಬರೆದಳು.

ಕೊಡೋಕೆ ಹೋದಾಗ ಬಿಳಿ ಕೋಟಿನ ಹುಡುಗಿ, ಕಾಯಿಲೆ ಇಲ್ಲದ ಹೆಂಗಸರ ರಕ್ತವೂ ಬೇಕು, ನೀವು ಕೊಡ್ತೀರಾ ಅಂದಳು. ಆದರೆ ಒಬ್ಬೊಬ್ಬರ ಫಲಿತಾಂಶವನ್ನು ತಿಳಿಸುವ ಪದ್ಧತಿ ಇಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು ಅಂದಳು. ಪಾಪ, ಅವ್ವ ಎದ್ದು ಹೋಗುತ್ತಾಳೇನೋ ಅಂತ ಅವಳಿಗೆ ಅನ್ನಿಸಿರಬೇಕು.

"ನನ್ನ ತಂಗಿಯ ರಕ್ತ ಇಟ್ಟಿರೋ ಕಡೇಲೇ ಇದನ್ನೂ ಇಡ್ತೀರಾ?" ಅಂತ ಅವ್ವ ಕೇಳಿದಳು.

ಹುಡುಗಿ ಸ್ವಲ್ಪ ಯೋಚಿಸಿ, "ಒಂದೇ ಫ್ರೀಜರಮ್ಮಾ. ಮೇಲೆ ಹೆಸರಿರಲ್ಲ, ಬರೀ ನಂಬರು" ಅಂದಳು.

"ಇರ್ಲಿ" ಅಂತ ಅವ್ವ ಸೆರಗು ಸರಿಸಿ ಕೈ ಚಾಚಿದಳು. ಅವಳಾದ ಮೇಲೆ ನಾನೂ ಕೊಟ್ಟೆ.

ನನ್ನ ಮಾತ್ರೆಯ ವಿಷಯ ಹೇಳುವುದೇ ಮರೆತೆ. ಬರೆದುಕೊಟ್ಟ ಲೇಡಿ ಡಾಕ್ಟರನ್ನು ಮತ್ತೆ ಹೋಗಿ ಕೇಳಿದೆ, ಅಜ್ಜಿಯ ಕಾಮಾಲೆಯನ್ನೂ ಚಿಕ್ಕವ್ವನದನ್ನೂ ಹೇಳಿದೆ. ಅವರು ಯೋಚಿಸಿ, ಮೂರು ತಿಂಗಳು ತಗೊಳ್ಳಿ, ಆಮೇಲೆ ನೋಡೋಣ ಅಂದರು. ತಗೊಂಡೆ. ರಕ್ತ ನಿಂತಿತು, ಮಿಷನ್ ತುಳಿಯೋಕೆ ಕಾಲಿಗೆ ಬಲ ಬಂತು. ಅವ್ವನಿಗೆ ಮಾತ್ರ ಟಾನಿಕ್ಕಿನಿಂದ ವಾಸಿಯಾಯಿತು ಅಂತ ಹೇಳಿದ್ದೇನೆ. ಕಳೆದ ತಿಂಗಳು ಶುಗರ್ ನೋಡಿಸಿದೆ, ಇಲ್ಲ. ಮುಂದಿನದು ಆರು ತಿಂಗಳಿಗೆ. ಅಲ್ಲಿಯವರೆಗೆ ಬೆನ್ನು ಸ್ವಲ್ಪ ನೊಂದರೂ ಕೈ ಅಲ್ಲಿಗೇ ಹೋಗುತ್ತೆ.

ಅವ್ವ ಈಗ ತೊಪ್ಪೂರಿಗೆ ಹೋಗುತ್ತಾಳೆ. ಮೊದಲ ಸಲ ನನಗೆ ಹೇಳದೆ ಹೋದಳು. ಬೀದಿಯವರನ್ನೆಲ್ಲ ಕೇಳಿ, ಬಸ್‌ಸ್ಟ್ಯಾಂಡಿಗೆ ಓಡಿ, ಅಲ್ಲಿ ಧರ್ಮಪುರಿ ಬಸ್ಸಿಂದ ಇಳಿಯುತ್ತಿದ್ದವಳನ್ನು ಹಿಡಿದೆ. ಆಮೇಲೆ ಹೇಳಿಯೇ ಹೋಗುತ್ತಾಳೆ. ನರ್ಸಮ್ಮನ ಹತ್ತಿರ ಕೂತು ಚಿಕ್ಕವ್ವ ಆ ಒಂದೂವರೆ ವರ್ಷದಲ್ಲಿ ಏನೇನು ಮಾಡಿದ್ದಳು, ಏನು ತಿನ್ನುತ್ತಿದ್ದಳು, ಯಾವ ಮಗುವಿಗೆ ಏನಂದಳು ಅಂತ ಕೇಳುತ್ತಾಳೆ. ಬಂದು ನನ್ನ ಮಿಷನ್ನಿನ ಪಕ್ಕ ನಿಂತು ಅದನ್ನೆಲ್ಲ ಹೇಳುತ್ತಾಳೆ. ತಾಯಿಗೆ ಜ್ವರವಿದ್ದ ಒಂದು ಹೆಣ್ಣು ಕೂಸನ್ನು ಚಿಕ್ಕವ್ವ ಮಡಿಲಿಂದ ಇಳಿಸಲೇ ಇಲ್ಲವಂತೆ, ಮೂರು ಗಂಟೆ ಬಸ್ಸು ಹೋಗಿ, ಅದರ ಮುಂದಿನದೂ ಹೋಗಿ, ಮನೆಯಲ್ಲಿ ಬೈಸಿಕೊಂಡಳಂತೆ. ಹೇಳುತ್ತ ಹೇಳುತ್ತ ಅವ್ವನ ಕೈ ಯಾರದೋ ಬಟ್ಟೆ ಮಡಿಸುತ್ತಿರುತ್ತೆ.

ಮೊನ್ನೆ ಹಾಗೇ ಬಂದವಳು ಚಪ್ಪಲಿ ಬಿಡುವ ಮುಂಚೆಯೇ "ಗುರುವಾರ ಮತ್ತೆ ಓಗ್ತೀನಿ" ಅಂದಳು.

"ಈಗ ತಾನೇ ಬಂದ್ಯಲ್ಲವ್ವ. ಒಸಿ ಕೂತ್ಕೋ. ಮಂಡಿ ಏನಾಗ್ಬೇಕು?"

"ಇನ್ನೂ ಏಳೆಂಟು ತಿಂಗಳಿಂದು ಕೇಳೇ ಇಲ್ಲ ಕಣಮ್ಮಿ. ಆ ಯಮ್ಮಂಗೂ ಎಪ್ಪತ್ತೈದಾಗೈತೆ" ಅಂತ ಹೇಳಿ, ನೀರು ಕುಡಿಯೋಕೆ ಒಳಗೆ ಹೋದಳು.